115 ವೋಲ್ಟಿನ ಡಬ್ಬಿ

ಆ ಡಬ್ಬಿ ನನಗೆ ಸಿಕ್ಕಿದ್ದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ. ಹಳೆ ಎಲೆಕ್ಟ್ರಾನಿಕ್ ಸಾಮಾನಿನ ರಾಶಿಯ ಅಡಿಯಲ್ಲಿ ಬಿದ್ದಿದ್ದ ಬೂದು ಬಣ್ಣದ ಪುಟ್ಟ ಟ್ರಾನ್ಸ್‌ಫಾರ್ಮರ್. ಮೇಲಿನ ತಗಡಿನಲ್ಲಿ 115 ವೋಲ್ಟ್, 28 ವೋಲ್ಟ್, 400 ಹರ್ಟ್ಝ್, 100 ವಿಎ (ವೋಲ್ಟ್ ಗುಣಿಸು ಆಂಪಿಯರ್, ಅಂದರೆ ಅದರ ಸಾಮರ್ಥ್ಯ) ಅಂತ ಕೊರೆದಿತ್ತು. ಅಂಗಡಿಯವನು "ಯಾವುದೋ ವಿಮಾನದ್ದಿರಬೇಕು ಸಾರ್, ಮನೆಯಲ್ಲಿ ಏನಕ್ಕೂ ಬರಲ್ಲ" ಎಂದ. ಸತ್ಯವನ್ನೇ ಹೇಳಿದ, ಪಾಪ. ನಾನು ಖುಷಿಯಿಂದ ಜೇಬಿಗೆ ಹಾಕಿಕೊಂಡು ರಾತ್ರಿ ಬಸ್ಸಿಗೆ ಬೆಳಗಾವಿಗೆ ಬಂದೆ.

ನಾನು ಎಲೆಕ್ಟ್ರಿಕಲ್ ಮೇಷ್ಟ್ರು. ಇಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ 14 ವರ್ಷದಿಂದ ಮೋಟರು, ಟ್ರಾನ್ಸ್‌ಫಾರ್ಮರು ಹೇಳಿಕೊಡುತ್ತಿದ್ದೇನೆ. ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ಸ್, ನನ್ನ ವಿಷಯವೇ ಅಲ್ಲ. ಅದನ್ನು ಹೇಳುತ್ತಿದ್ದವರು ಸೆಮಿಸ್ಟರ್ ನಡುವೆ ಬೇರೆ ಕೆಲಸ ಸಿಕ್ಕಿ ಹೋದರು. "ವಿಮಾನದೊಳಗೆ ಇರೋದೂ ಕರೆಂಟೇ ಅಲ್ವಾ, ನೀವೇ ತಗೊಳ್ಳಿ" ಅಂತ ವಿಭಾಗದಲ್ಲಿ ನನ್ನ ತಲೆಗೆ ಕಟ್ಟಿದರು. ನಮ್ಮ ವಿಮಾನ ನಿಲ್ದಾಣ ಇರುವ ಸಾಂಬ್ರಾದಿಂದ ಬೆಂಗಳೂರಿಗೆ ಮೂರು ಸಲ ಹಾರಿದ್ದೇ ನನಗೆ ವಿಮಾನದ ಅನುಭವ. ಅದರಲ್ಲೂ ಒಂದು ಸಲ ನಿದ್ದೆ ಹೋಗಿದ್ದೆ.

ಆದರೆ ವಿಷಯಕ್ಕೆ ಹುಡುಗರು ತುಂಬಿದ್ದರು. ಅದಕ್ಕೆ ಕಾರಣ ಇದೆ. ಹತ್ತರಗಿಯ ಹತ್ತಿರ ವಿಮಾನದ ಬಿಡಿಭಾಗ ಮಾಡುವ ಎಸ್‌ಇಝೆಡ್ (ವಿಶೇಷ ಆರ್ಥಿಕ ವಲಯ) ಬಂದ ಮೇಲೆ ನಮ್ಮ ಕಡೆ 'ಏರೋಸ್ಪೇಸ್' ಅನ್ನುವುದು ಮನೆಮಾತಾಗಿದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಮೊದಲಿಂದಲೂ ಇದೆ. ಹುಡುಗರಿಗೆ ವಿಮಾನ ಅಂದರೆ ದೂರದ ಮಾತಲ್ಲ, ಹೆದ್ದಾರಿಯಲ್ಲಿ ಹೋಗುವಾಗ ಕಾಣುವ ಬೇಲಿಯ ಆಚೆಯದ್ದು.

ಸುಮಾರು ಒಂದು ತಿಂಗಳು ನಾನು ರಾತ್ರಿ ಓದಿ ಬೆಳಿಗ್ಗೆ ಒಪ್ಪಿಸಿದೆ. ಏರಿಂಕ್ 429 ಅಂದರೆ ವಿಮಾನದ ಉಪಕರಣಗಳು ಮಾತಾಡಿಕೊಳ್ಳುವ ಒಂದು ಪದ್ಧತಿ: ಎರಡು ತಂತಿಯ ಮೇಲೆ 32 ಬಿಟ್ಟಿನ ಪದ, ಹೇಳುವವನು ಒಬ್ಬ, ಕೇಳುವವರು ಹಲವರು. 1553 ಬಸ್ ಅಂದರೆ ಅಂಥದ್ದೇ ಇನ್ನೊಂದು ಪದ್ಧತಿ: ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟು, ಒಬ್ಬ ಯಜಮಾನ ಕೇಳಿದಾಗ ಮಾತ್ರ ಉಳಿದವರು ಬಾಯಿ ಬಿಡಬೇಕು. ಎಲ್ಲ ಸ್ಲೈಡಿನಲ್ಲಿ, ಎಲ್ಲ ಇಂಗ್ಲಿಷಿನಲ್ಲಿ. ಹುಡುಗರು ಬರೆದುಕೊಂಡರು. ಒಬ್ಬನೂ ಒಂದು ಪ್ರಶ್ನೆ ಕೇಳಲಿಲ್ಲ. ನಮ್ಮ ಯಜಮಾನ ಬಸ್ಸಿನ ಹಾಗೇ ನಾನು ಕೇಳಿದಾಗ "ಯೆಸ್ ಸರ್" ಅನ್ನುತ್ತಿದ್ದರು, ಅಷ್ಟೇ.

ಆ ದಿನ ಸೆಪ್ಟೆಂಬರಿನ ಒಂದು ಗುರುವಾರ. ಬೆಳಿಗ್ಗೆಯಿಂದ ಬೆಳಗಾವಿಯ ಜಿಟಿಜಿಟಿ ಮಳೆ. ಪಾಠ ವಿಮಾನದ ವಿದ್ಯುತ್ ವ್ಯವಸ್ಥೆ. ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಝ್, ಅಂದರೆ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ; ಅದೇ ಫ್ರೀಕ್ವೆನ್ಸಿ. ವಿಮಾನದಲ್ಲಿ 115 ವೋಲ್ಟ್, 400 ಹರ್ಟ್ಝ್. ಯಾಕೆ? ಬೋರ್ಡಿನ ಮೇಲೆ ದೊಡ್ಡದಾಗಿ ಟ್ರಾನ್ಸ್‌ಫಾರ್ಮರಿನ ಸೂತ್ರ ಬರೆದೆ. ವೋಲ್ಟೇಜು ಅಂದರೆ 4.44 ಗುಣಿಸು ಫ್ರೀಕ್ವೆನ್ಸಿ, ಗುಣಿಸು ತಂತಿಯ ಸುತ್ತು, ಗುಣಿಸು ಫ್ಲಕ್ಸ್ (ಕಬ್ಬಿಣ ಹೊರುವ ಕಾಂತತ್ವ). ಫ್ರೀಕ್ವೆನ್ಸಿ ಎಂಟು ಪಟ್ಟಾದರೆ ಅದೇ ವೋಲ್ಟೇಜಿಗೆ ಫ್ಲಕ್ಸ್ ಎಂಟನೇ ಒಂದು ಭಾಗ ಸಾಕು. ಫ್ಲಕ್ಸ್ ಕಮ್ಮಿ ಆದರೆ ಕಬ್ಬಿಣ ಕಮ್ಮಿ, ಸುತ್ತೂ ಕಮ್ಮಿ. ಕಬ್ಬಿಣ ಕಮ್ಮಿ ಆದರೆ ತೂಕ ಕಮ್ಮಿ. ಆಕಾಶದಲ್ಲಿ ಗ್ರಾಂ ಗ್ರಾಮಿಗೂ ಲೆಕ್ಕ ಇದೆ ಎಂದೆಲ್ಲ ಹೇಳಿದೆ. "ಅರ್ಥ ಆಯ್ತಾ?" "ಯೆಸ್ ಸರ್."

ಮಧ್ಯಾಹ್ನ ಲ್ಯಾಬು. ಡಬ್ಬಿ ತೋರಿಸುವ ಉಮೇದು ನನಗೆ. ಮೊದಲು ಅದನ್ನು ಕ್ಯಾಂಟೀನಿಗೆ ಒಯ್ದು ತರಕಾರಿ ತೂಗುವ ತಕ್ಕಡಿಯಲ್ಲಿಟ್ಟೆವು. ಅರ್ಧ ಕೆಜಿಗೂ ಸ್ವಲ್ಪ ಕಮ್ಮಿ. ಪಕ್ಕದಲ್ಲಿ ನಮ್ಮ ಲ್ಯಾಬಿನ 100 ವಿಎ, 50 ಹರ್ಟ್ಝ್‌ನದು ಇಟ್ಟೆವು. ಎರಡು ಕೆಜಿ ಹತ್ತಿರ. ಕ್ಯಾಂಟೀನಿನ ಕಾಕಾ "ಯಾವುದರ ದರ ಜಾಸ್ತಿರಿ ಸರ್?" ಎಂದು ಕೇಳಿದರು. ಹುಡುಗರು ನಕ್ಕರು. ಒಂದು ತಿಂಗಳಲ್ಲಿ ಆ ಕ್ಲಾಸು ನಕ್ಕಿದ್ದು ಅವತ್ತೇ ಮೊದಲು.

ಆಮೇಲೆ ನಡೆದದ್ದನ್ನು ಹೇಳಲು ಈಗಲೂ ಸ್ವಲ್ಪ ನಾಚಿಕೆ. 28 ವೋಲ್ಟಿನ ದೀಪವೊಂದನ್ನು ಡಬ್ಬಿಗೆ ಜೋಡಿಸಿ ಉರಿಸಿ ತೋರಿಸಬೇಕಿತ್ತು. ನಮ್ಮ ಲ್ಯಾಬಿನಲ್ಲಿ 400 ಹರ್ಟ್ಝ್ ಸಪ್ಲೈ ಇಲ್ಲ. ಇರಲಿ, ವೋಲ್ಟೇಜು 115 ಕೊಟ್ಟರಾಯಿತು, ಒಂದು ನಿಮಿಷದ ಮಾತು ತಾನೆ ಎಂದುಕೊಂಡೆ. ವೋಲ್ಟೇಜು ಏರಿಳಿಸುವ ಡಿಮ್ಮರ್‌ಸ್ಟ್ಯಾಟ್ ತಂದು ಹುಡುಗರನ್ನು ಸುತ್ತ ನಿಲ್ಲಿಸಿದೆ. ಅಮ್ಮೀಟರ್ ಹಾಕಿ ಸ್ವಿಚ್ ಒತ್ತಿ ಹಿಡಿಕೆ ತಿರುಗಿಸತೊಡಗಿದೆ.

ಕಾಲು ಸುತ್ತೂ ಆಗಿರಲಿಲ್ಲ. ಡಬ್ಬಿ ಗುರ್ ಅಂದಿತು. ಅಮ್ಮೀಟರಿನ ಮುಳ್ಳು ಕೊನೆಗೆ ಹೋಗಿ ಬಡಿಯಿತು. ವಾರ್ನಿಶ್ ಸುಟ್ಟ ವಾಸನೆ ಮೂಗಿಗೆ ಬಂತು, ಫಟ್ ಅಂತ ಫ್ಯೂಸ್ ಹೋಯಿತು. ದೀಪ ಮಿಣುಕಿತೋ ಇಲ್ಲವೋ ಯಾರೂ ನೋಡಲಿಲ್ಲ.

ಲ್ಯಾಬು ಸ್ತಬ್ಧ. ನಾನು ಸುಮ್ನೆ ತಂತಿಗಳನ್ನು ಅಲ್ಲಾಡಿಸಿದೆ. "ಲೂಸ್ ಕನೆಕ್ಷನ್ ಇರಬೇಕು" ಅಂದೆ. ಮೇಷ್ಟ್ರುಗಳಿಗೆ ಇದು ಯಾವಾಗಲೂ ಕೈಗೆ ಸಿಗುವ ಮಾತು.

ಹಿಂದಿನಿಂದ ಒಂದು ದನಿ ಬಂತು. "ಲೂಸ್ ಅಲ್ರಿ ಸರ್. ಸುತ್ತ ಕಮ್ಮಿ ಬಿದ್ದಾವ."

ಆ ಹುಡುಗನ ಹೆಸರು ಬೇಡ. ರಾಯಬಾಗದ ಕಡೆಯವನು. ಅಪ್ಪನದು ಪಂಪ್‌ಸೆಟ್ ಮೋಟರು ವೈಂಡಿಂಗ್ ಮಾಡುವ ಅಂಗಡಿ. ಹತ್ತನೆಯವರೆಗೆ ಕನ್ನಡ ಶಾಲೆ, ಆಮೇಲೆ ಡಿಪ್ಲೊಮಾ, ಅಲ್ಲಿಂದ ಎರಡನೇ ವರ್ಷಕ್ಕೆ ನಮ್ಮಲ್ಲಿಗೆ. ನನ್ನ ಕ್ಲಾಸಿನಲ್ಲಿ ಅವನು ಬಾಯಿ ತೆರೆದದ್ದು ಹಾಜರಿ ಹೇಳಲು ಮಾತ್ರ.

"ಬಾ ಇಲ್ಲಿ ತಮ್ಮಾ. ಸುತ್ತು ಯಾಕೆ ಕಮ್ಮಿ? ಇದು ಕಂಪನಿ ಮಾಲು."

ಅವನು ಮುಂದೆ ಬಂದ. ಮೊದಲು ಇಂಗ್ಲಿಷಿನಲ್ಲಿ ಹೇಳಲು ಹೊರಟು ತಡವರಿಸಿದ. "ಕನ್ನಡದಾಗ ಹೇಳು" ಅಂದೆ. ಆಗ ನೋಡಿ, ಮಾತಿಗೆ ಹೊಳೆ ಬಂದ ಹಾಗಾಯಿತು.

ಅವನು ಹೇಳಿದ್ದು ಇಷ್ಟು. ಸುಟ್ಟ ಮೋಟರು ಬಂದರೆ ಅವನ ಅಪ್ಪ ಹಳೆ ವೈಂಡಿಂಗ್ ಕತ್ತರಿಸಿ ಒಂದೊಂದು ಸುತ್ತನ್ನೂ ಎಣಿಸುತ್ತಾರೆ. ಎಷ್ಟು ಎಚ್‌ಪಿ, ಎಷ್ಟು ಸ್ಲಾಟು (ತಂತಿ ಕೂರಿಸುವ ಸೀಳು), ಸ್ಲಾಟಿಗೆ ಎಷ್ಟು ಸುತ್ತು, ಯಾವ ಗೇಜಿನ ತಂತಿ, ಎಲ್ಲ ಒಂದು ಡೈರಿಯಲ್ಲಿ. ಒಮ್ಮೆ ಅಂಗಡಿಯ ಹೊಸ ಹುಡುಗ ಎಣಿಕೆ ತಪ್ಪಿ ಸ್ಲಾಟಿಗೆ ಐದಾರು ಸುತ್ತು ಕಮ್ಮಿ ಹಾಕಿದ. ಮೋಟರು ತಿರುಗಿತು, ಜೋರಾಗಿಯೇ ತಿರುಗಿತು. ಆದರೆ ಖಾಲಿ ಓಡುವಾಗಲೇ ಗುರ್ ಅನ್ನುತ್ತಿತ್ತು, ಕರೆಂಟು ಜಾಸ್ತಿ ಕುಡಿಯುತ್ತಿತ್ತು, ಹತ್ತು ನಿಮಿಷಕ್ಕೆ ಮೈ ಮುಟ್ಟಲು ಆಗುತ್ತಿರಲಿಲ್ಲ. "ನಮ್ಮಪ್ಪ ಅಂತಾರ್ರಿ, ಕಬ್ಬಿಣಕ್ಕೂ ಒಂದು ಹೊಟ್ಟಿ ಇರ್ತೈತಿ, ತುಂಬಿದ ಮ್ಯಾಲೆ ಉಣಸಬಾರದು ಅಂತ. ಇದೂ ಹಂಗ ಗುರ್ ಅಂತು."

ನಾನು ಬೋರ್ಡಿನ ಕಡೆ ತಿರುಗಿದೆ. ಬೆಳಿಗ್ಗೆಯ ಸೂತ್ರ ಕ್ಲಾಸ್‌ರೂಮಿನಲ್ಲೇ ಉಳಿದಿತ್ತು, ಲ್ಯಾಬಿನ ಬೋರ್ಡು ಖಾಲಿ. ಆದರೂ ನನಗೆ ಅದು ಕಾಣುತ್ತಿತ್ತು. ಫ್ರೀಕ್ವೆನ್ಸಿ ಗುಣಿಸು ಸುತ್ತು ಗುಣಿಸು ಫ್ಲಕ್ಸ್. ಸುತ್ತು ಕಮ್ಮಿ ಮಾಡಿದರೂ ಅಷ್ಟೇ, ಫ್ರೀಕ್ವೆನ್ಸಿ ಕಮ್ಮಿ ಮಾಡಿದರೂ ಅಷ್ಟೇ, ಭಾರ ಬೀಳುವುದು ಫ್ಲಕ್ಸಿನ ಮೇಲೆ. 400ಕ್ಕೆ ಮಾಡಿದ ಕಬ್ಬಿಣಕ್ಕೆ 50 ಕೊಟ್ಟು ಎಂಟು ಪಟ್ಟು ಫ್ಲಕ್ಸ್ ಹೊರು ಅಂದಿದ್ದೆ ನಾನು. 14 ವರ್ಷ ಈ ಸೂತ್ರ ಹೇಳಿದ್ದೇನೆ. ಅವತ್ತು ಬೆಳಿಗ್ಗೆ ಕೂಡ ಹೇಳಿದ್ದೆ. ಹೇಳಿದ ಬಾಯಿ ಬೇರೆ, ಹಿಡಿಕೆ ತಿರುಗಿಸಿದ ಕೈ ಬೇರೆ.

"ತಪ್ಪು ನನ್ನದೇ" ಅಂದೆ. ಇದನ್ನು ಹೇಳಲು ಕಷ್ಟ ಆಯಿತು ಅಂತೇನಿಲ್ಲ. ವಾಸನೆ ಇನ್ನೂ ಲ್ಯಾಬಿನಲ್ಲೇ ಇತ್ತು, ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಈಗ ಇದನ್ನು ನಮ್ಮ 50ರ ಮೇಲೆ ನಡೆಸಬೇಕಂದರೆ ಏನು ಮಾಡೋಣ?"

ಅವನು ಒಂದು ಕ್ಷಣ ತಲೆ ಕೆರೆದುಕೊಂಡ. "ಎಂಟು ಪಟ್ಟು ಇಳಸಬೇಕಲ್ರಿ ವೋಲ್ಟೇಜ್ನೂ. 14ರ ಮ್ಯಾಲೆ ಹೋಗಬಾರದು."

115 ಭಾಗಿಸು 8, ಹದಿನಾಲ್ಕು ಚಿಲ್ಲರೆ. ಫ್ಯೂಸ್ ಬದಲಿಸಿದೆವು. ಈ ಸಲ ಹಿಡಿಕೆ ಅವನ ಕೈಯಲ್ಲಿ. 14ಕ್ಕೆ ನಿಲ್ಲಿಸಿದ. ಡಬ್ಬಿ ಬದುಕಿತ್ತು, ಸದ್ದಿಲ್ಲದೆ ತಣ್ಣಗೆ ಕೂತಿತ್ತು. ಆದರೆ ಆಚೆ ಬದಿ 28ರ ಜಾಗದಲ್ಲಿ ಬಂದದ್ದು ಮೂರೂವರೆ ವೋಲ್ಟ್. ನನ್ನ ದೀಪ ಕಣ್ಣೇ ಬಿಡಲಿಲ್ಲ. ಯಾರೋ ಓಡಿ ಹೋಗಿ ವಾಚ್‌ಮನ್ ಅಜ್ಜನ ಹಳೆ ಬ್ಯಾಟರಿಯಿಂದ ಬಲ್ಬು ಬಿಚ್ಚಿಕೊಂಡು ಬಂದರು. ಅದು ಹೊತ್ತಿಕೊಂಡಿತು. ಚಪ್ಪಾಳೆ ಬೇರೆ!

ಆಮೇಲೆ ಪಾಠ ತಾನಾಗೇ ನಡೆಯಿತು, ನಾನು ಸುಮ್ಮನೆ ಜೊತೆಗಿದ್ದೆ. ತಂತಿ ತಡೆಯುವ ಕರೆಂಟು ಮೊದಲಿನಷ್ಟೇ, ವೋಲ್ಟೇಜು ಎಂಟನೇ ಒಂದು ಭಾಗ. ಅಂದರೆ 50 ಹರ್ಟ್ಝ್‌ನಲ್ಲಿ ಈ 100 ವಿಎ ಡಬ್ಬಿಯಿಂದ ಬರೋದು ಹನ್ನೆರಡು ಚಿಲ್ಲರೆ ವಿಎ. ಅದೇ ಕಬ್ಬಿಣ, ಅದೇ ತಾಮ್ರ. ಬೆಳಿಗ್ಗೆ ನಾನು ಸ್ಲೈಡಿನಲ್ಲಿ ತೋರಿಸಿದ್ದನ್ನು ಟಾರ್ಚಿನ ಬಲ್ಬು ಹೇಳುತ್ತಿತ್ತು.

ಕಿಟಕಿ ಪಕ್ಕ ನಿಂತಿದ್ದ ಹುಡುಗಿ, ಖಾನಾಪುರದವಳು, ಕೇಳಿದಳು. "ಸರ್, ಇಷ್ಟು ಲಾಭ ಇದ್ರೆ ನಮ್ಮೂರಿಗೂ 400 ಯಾಕೆ ಕೊಡಬಾರದು?"

ಇಂಥ ಪ್ರಶ್ನೆಗಾಗಿ ಒಂದು ತಿಂಗಳು ಕಾದಿದ್ದೆ. ತಂತಿಗೂ ಒಂದು ರಿಯಾಕ್ಟೆನ್ಸ್, ಅಂದರೆ ಹಿಂದೆ ಮುಂದೆ ಆಡುವ ಕರೆಂಟಿಗೆ ಒಡ್ಡುವ ತಡೆ, ಇರುತ್ತದೆ, ಅದು ಫ್ರೀಕ್ವೆನ್ಸಿ ಜೊತೆ ಏರುತ್ತದೆ. ಕಂಬದ ಮೇಲಿನ ತಂತಿಗೆ 50ರಲ್ಲಿ ಕಿಲೋಮೀಟರಿಗೆ 0.3ರಿಂದ 0.4 ಓಮ್. 400ರಲ್ಲಿ ಸುಮಾರು ಮೂರು ಓಮ್. ವಿಮಾನದಲ್ಲಿ ಇಂಜಿನ್ನಿಂದ ಕಾಕ್‌ಪಿಟ್‌ಗೆ ಇರೋದು ಕೆಲವು ಹತ್ತು ಮೀಟರ್, ಅಲ್ಲಿ ನಡೆಯುತ್ತದೆ. ಊರಿನ ಲೈನು ಹತ್ತಾರು ಕಿಲೋಮೀಟರ್. ವೈಂಡಿಂಗ್ ಅಂಗಡಿಯವರ ಮಗ ನಡುವೆ ಬಾಯಿ ಹಾಕಿದ. "ಈಗ ಲೈನಿನ ಕಡೀ ಹೊಲದಾಗ ವೋಲ್ಟೇಜ್ ಇರೂದಿಲ್ರಿ. ಬ್ಯಾಸಿಗ್ಯಾಗ ನಮ್ಮ ಅಂಗಡಿ ಮುಂದ ಮೋಟರ್ ಸಾಲ ಹಚ್ಚಿರ್ತಾವ. ಎಂಟು ಪಟ್ಟು ಬಿದ್ರ ಕಬ್ಬು ಒಣಗಿಹೋಗ್ತಾವ." ಎರಡು ಪೋಲಿನ ಪಂಪಿನ ಮೋಟರು 50ರಲ್ಲಿ 3000 ಸುತ್ತಿನ ಹತ್ತಿರ ಓಡುತ್ತದೆ, 400 ಕೊಟ್ಟರೆ 24,000ಕ್ಕೆ ಹೋಗಬೇಕು ಅಂತ ನಾನು ಸೇರಿಸಿದೆ. "ಬಾವಿಯಿಂದ ಪಂಪೇ ಹಾರ್ತೈತ್ರಿ ಸಾಂಬ್ರಾಕ್ಕ" ಅಂತ ಯಾರೋ ಅಂದರು. ಲೆಕ್ಕ ಅಷ್ಟು ಸುಲಭ ಇಲ್ಲ, ಆದರೆ ತಿದ್ದಲು ಮನಸ್ಸಾಗಲಿಲ್ಲ.

ಮಳೆ ಜೋರಾಯಿತು. ಗಂಟೆ ಬಾರಿಸಿದರೂ ಯಾರೂ ಹೊರಡಲಿಲ್ಲ. ಇಂಜಿನ್ನಿನ ವೇಗ ಏರಿಳಿದರೂ 400 ಹೇಗೆ ಕದಲದೆ ನಿಲ್ಲುತ್ತದೆ ಅಂತ ಒಬ್ಬ ಕೇಳಿದ. ನಾಲ್ಕು ಪೋಲಿನ ಜನರೇಟರಿಗೆ ನಿಮಿಷಕ್ಕೆ ಸರಿಯಾಗಿ 12,000 ಸುತ್ತು ಬೇಕು. ಅದಕ್ಕೆ ಇಂಜಿನ್ನಿಗೂ ಜನರೇಟರಿಗೂ ನಡುವೆ ಎಣ್ಣೆಯ ಒತ್ತಡದಿಂದ ವೇಗ ಸರಿದೂಗಿಸುವ ಗೇರ್‌ಬಾಕ್ಸ್ ಇಡುತ್ತಾರೆ. ಬೋಯಿಂಗ್ 787ರಲ್ಲಿ ಆ ರಗಳೆಯೇ ಬೇಡವೆಂದು ಅದನ್ನು ತೆಗೆದರು. ಅಲ್ಲಿ 235 ವೋಲ್ಟ್, ಫ್ರೀಕ್ವೆನ್ಸಿ 360ರಿಂದ 800ರವರೆಗೆ ಇಂಜಿನ್ ಓಡಿದಂತೆ ಓಡುತ್ತದೆ. ಇದನ್ನೆಲ್ಲ ನಾನು ಕನ್ನಡದಲ್ಲೇ ಹೇಳಿದೆ, ನಡುವೆ ಮರಾಠಿ ಹುಡುಗರಿಗಾಗಿ ಎರಡು ಮಾತು ಹಿಂದಿ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕು, ಅದು ಗೊತ್ತು. ಬರೆಯಲು ಬರುವ ಮೊದಲು ತಿಳಿಯಲಿ ಅನ್ನುವುದು ನನ್ನ ಲೆಕ್ಕ. ಸಹೋದ್ಯೋಗಿಗಳಲ್ಲಿ ಎಲ್ಲರೂ ಇದನ್ನು ಒಪ್ಪುವುದಿಲ್ಲ.

ಹೊರಡುವಾಗ ಹುಡುಗ ಬಾಗಿಲ ಹತ್ತಿರ ನಿಂತಿದ್ದ. "ಸರ್, ಇದನ್ನ ನಮ್ಮಪ್ಪಗ ತೋರಿಸಿ ಸೋಮವಾರ ತರ್ಲೇನ್ರಿ?"

ಸ್ಟಾಕ್ ರಿಜಿಸ್ಟರಿನಲ್ಲಿ ಇಲ್ಲದ, ನನ್ನ ಸ್ವಂತ ಡಬ್ಬಿ. ವಾರ್ನಿಶ್ ಬೇರೆ ಸುಟ್ಟಿದೆ. "ಬಿಚ್ಚಿದರೂ ಅಡ್ಡಿ ಇಲ್ಲ, ಒಯ್ಯಿ" ಅಂದೆ.

ಸೋಮವಾರ ಅದು ಹಳೆ ಪೇಪರಿನಲ್ಲಿ ಸುತ್ತಿಕೊಂಡು ಬಂತು. ಹೊಸದಾಗಿ ವಾರ್ನಿಶ್ ಹೊಡೆದು ಒಣಗಿಸಿದ್ದರು. ಜೊತೆಗೆ ಡೈರಿಯಿಂದ ಹರಿದ ಒಂದು ಹಾಳೆ. ಎಚ್‌ಪಿ ಎಂಬಲ್ಲಿ ಗೆರೆ. ಸ್ಲಾಟು ಎಂಬಲ್ಲಿ ಗೆರೆ. ಸುತ್ತು (115ರ ಬದಿ): 138. ಪಟ್ಟಿ: ಭಾಳ ತೆಳು.

"ಏನಂದ್ರು ಅಪ್ಪ?"

ಹುಡುಗ ನಗು ತಡೆದುಕೊಂಡ. "ಇಷ್ಟ ಸಣ್ಣ ಕಬ್ಬಿಣಕ್ಕ ವೋಲ್ಟಿಗೆ ಒಂಬತ್ತ ಸುತ್ತರೆ ಬೇಕು, ಇಲ್ಲಿ ಒಂದರ ಮ್ಯಾಲೆ ಚೂರು ಐತಿ ಅಂದ್ರು. ಯಾವ ಕಂಪನಿನೋ ಏನೋ, ಸುತ್ತಿದಾವ ಎಣಿಕಿ ತಪ್ಯಾನ, ನಿಮ್ಮ ಸರ್‌ಗ ಮೋಸ ಆಗೈತಿ ಅಂದ್ರು."

"ನೀನೇನಂದಿ?"

"400ರ ಲೆಕ್ಕ ಹೇಳೀನ್ರಿ. ಇನ್ನೂ ಒಪ್ಪಿಲ್ಲ. ದೀಪಾವಳಿಗೆ ಹೋದಾಗ ಮತ್ತೊಮ್ಮೆ ಹೇಳ್ತೀನಿ."