ಸೋಮವಾರ ಬಂದ ಕ್ರಿಸ್ಮಸ್

2023ರ ಕ್ಯಾಲೆಂಡರ್ ಮನೆಗೆ ಬಂದ ದಿನವೇ ಡಿಸೆಂಬರ್ ಹಾಳೆ ತಿರುವಿ ನೋಡಿದ್ದೆ. 25, ಸೋಮವಾರ. ಅತ್ತೆಯ ಮನೆದೇವರು ಮುಡುಕುತೊರೆಯ ಮಲ್ಲಿಕಾರ್ಜುನ. ಸೋಮವಾರ ಅವರು ಮಾಂಸ ಮುಟ್ಟುವುದಿಲ್ಲ.

ಹಂದಿಮಾಂಸವನ್ನಂತೂ ಅವರು ಯಾವ ವಾರವೂ ತಿನ್ನುವುದಿಲ್ಲ. ಆದರೂ ನನ್ನ ಮದುವೆಯಾದಂದಿನಿಂದ ಪ್ರತಿ ಕ್ರಿಸ್ಮಸ್‌ಗೂ ಮಳವಳ್ಳಿ ಕಡೆಯ ಹಳ್ಳಿಯಿಂದ ಬಸ್ ಹತ್ತಿ ಮೈಸೂರಿಗೆ ಬರುತ್ತಾರೆ. ಮಕ್ಕಳಿಗೆ ಬಟ್ಟೆ ತರುತ್ತಾರೆ, ನಕ್ಷತ್ರದ ದೀಪ ಕಟ್ಟುವಾಗ ಸ್ಟೂಲ್ ಹಿಡಿದುಕೊಳ್ಳುತ್ತಾರೆ. ಮಧ್ಯಾಹ್ನ ನಾವೆಲ್ಲ ಇಡ್ಲಿಯಂಥ ಸಾನ್ನಾಂ, ಹಂದಿಮಾಂಸದ ಬಾಫತ್ ಬಡಿಸಿಕೊಂಡು ಕೂತಾಗ ಅವರು ಅಡುಗೆಮನೆಯಲ್ಲಿ ತಮ್ಮದೇ ತಟ್ಟೆಯಲ್ಲಿ ಮೊಸರನ್ನ ಉಣ್ಣುತ್ತಾರೆ. ಒಂದು ದಿನವೂ ಬೇಸರದ ಮಾತಾಡಿದವರಲ್ಲ. ಅವರು ಸುಮ್ಮನಿದ್ದಷ್ಟೂ ಆ ತಟ್ಟೆ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಮನೆಗೆ ಬಂದ ಒಬ್ಬರಿಗೆ ಬೇರೆ ಪಾತ್ರೆಯಿಟ್ಟು ಮಾಡುವ ಹಬ್ಬದೂಟ ನನಗೆ ಊಟವೆನಿಸುವುದಿಲ್ಲ.

ಈ ಸಲ ಮುದ್ದೆ, ಹಿತಕಿದಬೇಳೆ ಸಾರು ಮಾಡೋಣ ಎಂದೆ. ಬಂಟ್ವಾಳದ ಮನೆ ಬಿಟ್ಟು ನಮ್ಮೊಡನೆ ಇರುವ ಅಮ್ಮ ಕೈಯಲ್ಲಿದ್ದ ಜಪಮಾಲೆಯನ್ನು ಮಡಿಲಿಗೆ ಇಳಿಸಿದರು.

"ನತಾಲಾಂಗೆ ಮುದ್ದೆಯೇ?" ನತಾಲಾಂ ಎಂದರೆ ಕೊಂಕಣಿಯಲ್ಲಿ ಕ್ರಿಸ್ಮಸ್.

ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಅವರ ನೋವು ನನಗೆ ಗೊತ್ತು. ಊರಲ್ಲಿ ಶೇಂದಿ ಹಾಕಿದ ಸಾನ್ನಾಂ ಹಿಟ್ಟು ರಾತ್ರಿ ಪಾತ್ರೆಯ ಅಂಚು ಮೀರಿ ಉಕ್ಕುತ್ತಿತ್ತು. ಮೈಸೂರಿನ ಡಿಸೆಂಬರ್ ಚಳಿಗೆ ಯೀಸ್ಟ್ ಹಾಕಿ ಕಂಬಳಿ ಹೊದಿಸಿದರೂ ಹಿಟ್ಟು ಅಲುಗುವುದಿಲ್ಲ. ಹಿಂದಿನ ಎರಡು ವರ್ಷ ಸಾನ್ನಾಂ ಚಪ್ಪಟೆಯಾಗಿಯೇ ಬೆಂದಿದ್ದವು. ಈಗ ಅದೂ ಇಲ್ಲವೆಂದರೆ? ಕೊನೆಗೆ ಬಾಫತ್ 26ಕ್ಕೆ ಎಂದು ಒಪ್ಪಂದವಾಯಿತು.

ಭಾನುವಾರ ಬೆಳಿಗ್ಗೆ ಅತ್ತೆ ಬಂದರು, ಚೀಲದ ತುಂಬ ಅವರೆಕಾಯಿ. ಇಬ್ಬನಿ ಬಿದ್ದ ಹೊಲದಿಂದ ಹಿಂದಿನ ದಿನ ಕಿತ್ತದ್ದು. ಚೀಲದ ಬಾಯಿ ಬಿಚ್ಚುತ್ತಲೇ ಸೊಗಡು ಪಡಸಾಲೆಯವರೆಗೂ ಹರಡಿತು. ಬಿಡಿಸಿದ ಕೈ ಸೋಪು ಹಾಕಿ ತೊಳೆದರೂ ಸಂಜೆಯ ತನಕ ಘಮ್ಮೆನ್ನುತ್ತಿತ್ತು. ಕಾಳನ್ನು ಮಧ್ಯಾಹ್ನ ನೀರಿಗೆ ಹಾಕಿ, ರಾತ್ರಿ ಸಂತ ಫಿಲೋಮಿನಾ ಚರ್ಚಿನ ಬಲಿಪೂಜೆಗೆ ಹೋದೆವು. ಅತ್ತೆಯೂ ಬಂದು, ತಲೆಗೆ ಸೆರಗು ಹೊದ್ದು ಕೊನೆಯವರೆಗೂ ಕೂತಿದ್ದರು.

ಮನೆಗೆ ಬಂದಾಗ ಒಂದೂವರೆ. ಮಲಗುವ ಮನಸ್ಸು ಯಾರಿಗೂ ಇರಲಿಲ್ಲ. ಪಡಸಾಲೆಯ ನಡುವೆ ಪರಾತ ಇಟ್ಟು ಸುತ್ತ ಕೂತೆವು. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಹಿತಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮುತ್ತದೆ. ಮಗಳು ಹಿತಕಿದ್ದೊಂದು ಚಿಮ್ಮಿ, ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳ ಗೋದಲಿಯಲ್ಲಿ ಕುರಿಯ ಪಕ್ಕ ಬಿತ್ತು. ಅದನ್ನು ತೆಗೆಯಲು ಅವಳು ಬಿಡಲಿಲ್ಲ.

ಎಲ್ಲರಿಗಿಂತ ವೇಗವಾಗಿ ಹಿತಕಿದವರು ಅಮ್ಮ! ನಾನು ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಕ್ರಿಸ್ಮಸ್‌ನ ತಿಂಡಿಗಳಾದ ಕುಸ್ವಾರ್ ಮಾಡುವ ರಾತ್ರಿಗಳಲ್ಲಿ ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಸುರುಳಿ ಮಾಡಿ ಸಾಲಾಗಿ ಕಿಡಿಯೊ ಉದುರಿಸುತ್ತಿದ್ದ ಹೆಬ್ಬೆರಳು ಅದು. ಆಗಲೂ ಹೀಗೆಯೇ ಒಂದು ಪರಾತದ ಸುತ್ತ ಅಜ್ಜಿ, ಚಿಕ್ಕಮ್ಮಂದಿರು, ನಾವು ಮಕ್ಕಳು. ತಮ್ಮಂದಿರಿಬ್ಬರೂ ದೂರದ ದೇಶಗಳಿಗೆ ಹೋದ ಮೇಲೆ ನಮ್ಮಲ್ಲಿ ಕುಸ್ವಾರ್ ಮಾಡಿಲ್ಲ, ಮಂಗಳೂರಿನಿಂದ ಡಬ್ಬ ತರಿಸುತ್ತೇವೆ. ಅತ್ತೆ ಆ ಡಬ್ಬದ ನೆವ್ರಿಯೊಂದನ್ನು ಮುರಿದು ಒಳಗಿನ ಎಳ್ಳು, ಕೊಬ್ಬರಿ ನೋಡಿ, "ಇದು ನಮ್ಮ ಕರ್ಜಿಕಾಯಿಯಲ್ಲವೇ?" ಎಂದರು. ಅಲ್ಲಿಂದ ಇಬ್ಬರಿಗೂ ಮಾತು ಹತ್ತಿತು. ನಾನು ಮೂರು ಗಂಟೆಗೆ ಮಲಗಲು ಹೋದಾಗಲೂ ಅವರು ಮಾತಾಡುತ್ತಲೇ ಇದ್ದರು.

ಸಾರು ಅತ್ತೆಯದು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಹುರಿದು, ಕಾಯಿ, ಗಸಗಸೆ, ಚಕ್ಕೆ, ಲವಂಗ, ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿದರು. ಬೇಳೆ ಬೇಗ ಬೇಯುತ್ತದೆ, ಸ್ವಲ್ಪ ಹೆಚ್ಚಾದರೂ ಕರಗಿಹೋಗುತ್ತದೆ. ಅದಕ್ಕೇ ಒಲೆಯ ಮುಂದಿನಿಂದ ಕದಲಲಿಲ್ಲ. ಮುದ್ದೆ ತಿರುವಿದ್ದು ನನ್ನ ಗಂಡ. ಎಸರು ಮರಳಿದ ಮೇಲೆ ಹಿಟ್ಟು ಸುರಿದು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕೋಲಿನಿಂದ ಗಂಟಿಲ್ಲದಂತೆ ತಿರುವುವುದು ತೋಳಿನ ಕೆಲಸ.

ಎಲ್ಲರೂ ಒಂದೇ ಮೇಜಿಗೆ ಕೂತೆವು. ಅತ್ತೆಯ ಸ್ಟೀಲ್ ತಟ್ಟೆಯನ್ನು ನಾನು ಆ ದಿನ ಹೊರಗೆ ತೆಗೆಯಲೇ ಇಲ್ಲ. ಅಮ್ಮ ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಎಂದಿನ ಕೊಂಕಣಿ ಬಿಟ್ಟು ಕನ್ನಡದಲ್ಲಿ ಹೇಳಿದರು, ನಡುವೆ ಎರಡು ಕಡೆ ತಡೆದು. ಆಮೇಲೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು ಅಗಿಯತೊಡಗಿದರು.

"ಅಗಿಯಬೇಡಿ, ನುಂಗಿ," ಎಂದು ಅತ್ತೆ ತಮ್ಮ ತುತ್ತನ್ನು ಎತ್ತಿ ತೋರಿಸಿದರು. ಅಮ್ಮ ಕಣ್ಣು ಮುಚ್ಚಿ ನುಂಗಿದರು. ನೀರು ಕುಡಿದರು. ಇನ್ನೊಂದು ತುತ್ತು ಮುರಿದುಕೊಂಡರು.