ಕಾಯಿಸಿದರೂ ಹೋಗದ ವಿಷ

ಸುರಪುರ, 2024ರ ಮೇ 12, ಭಾನುವಾರ

ಮಗನ ಅಂಗೈ ಒರಟಾಗಿದೆ, ಹುಳುಕಡ್ಡಿಯ ಮುಲಾಮು ಕೊಡಿ ಎಂದು ತಾಂಡಾದ ತಾಯಿಯೊಬ್ಬರು ಇಂದು ನಮ್ಮ ಔಷಧ ಅಂಗಡಿಗೆ ಬಂದಿದ್ದರು. ಹುಡುಗನ ಅಂಗೈಯಲ್ಲೂ ಅಂಗಾಲಿನಲ್ಲೂ ಗಟ್ಟಿ ಗಂಟುಗಳು, ಎದೆಯ ಮೇಲೆ ಧೂಳಿಗೆ ಮಳೆಹನಿ ಬಿದ್ದಂತೆ ಕಪ್ಪು-ಬಿಳಿ ಚುಕ್ಕೆಗಳು. ತುರಿಕೆಯಿಲ್ಲ. ಮುಲಾಮು ಕೊಡಲಿಲ್ಲ. ಚರ್ಮರೋಗ ತಜ್ಞರ ಬಳಿಗೆ ಕಳಿಸಿದೆ, ಯಾವ ನೀರು ಕುಡಿಯುತ್ತೀರಿ ಎಂದೂ ಕೇಳಿದೆ. ಬಹಳ ವರ್ಷಗಳಿಂದ ಒಂದೇ ಕೊಳವೆಬಾವಿಯ ನೀರಂತೆ. ರೋಗ ಇಂಥದ್ದೇ ಎಂದು ವೈದ್ಯರು ಹೇಳಬೇಕು. ಆದರೆ ಈ ತಾಲ್ಲೂಕಿನಲ್ಲಿ ಇಂತಹ ಅಂಗೈ ಕಂಡಾಗ ನೀರಿನ ಮಾತು ಎತ್ತದೆ ಇರಬಾರದು.

ಅದಕ್ಕೆ ಕಾರಣವಿದೆ. ಕಿರದಳ್ಳಿ ತಾಂಡಾ ಇಲ್ಲಿಂದ ದೂರದ ಊರೇನಲ್ಲ. ಕರಾವಳಿಯ ನಗರವಲ್ಲ, ನಮ್ಮದೇ ತಾಲ್ಲೂಕಿನ ಮಂಗಳೂರು ಎಂಬ ಹಳ್ಳಿಯ ಸುತ್ತಲಿನ ಹಳೆಯ ಚಿನ್ನದ ಗಣಿ ಪ್ರದೇಶದ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನ ಆ ತಾಂಡಾದ ಜನರ ಮೈಮೇಲಿನ ಗುರುತುಗಳನ್ನು ದಾಖಲಿಸಿತು. ಪರೀಕ್ಷೆಗೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ, ನೀರಿನಲ್ಲಿ ಕರಗಿ ಬರುವ ವಿಷಧಾತುವಾದ ಆರ್ಸೆನಿಕ್‌ನಿಂದ ಆಗಿರಬಹುದಾದ ಚರ್ಮದ ಗಾಯಗಳಿದ್ದವು. ಆ ಪ್ರದೇಶದ ಅಂತರ್ಜಲದಲ್ಲಿ ಲೀಟರಿಗೆ 303 ಮೈಕ್ರೋಗ್ರಾಂವರೆಗೆ ಆರ್ಸೆನಿಕ್ ಸಿಕ್ಕಿತು. ಕುಡಿಯುವ ನೀರಿಗೆ ಇರುವ ಮಿತಿ 10.

ಆರ್ಸೆನಿಕ್ ನೀರಿಗೆ ಹೆಸರಾದ ಬಂಗಾಳದ ಕಥೆ ಬೇರೆ. 1980ರ ದಶಕದ ಆರಂಭದಲ್ಲಿ ಕೋಲ್ಕತ್ತದ ಚರ್ಮರೋಗ ವೈದ್ಯ ಕೆ.ಸಿ. ಸಾಹಾ ಗುರುತಿಸಿದ ರೋಗಕ್ಕೆ ಮೂಲ ಗಂಗೆ ತಂದು ಹಾಕಿದ ಮಣ್ಣು. ನಮ್ಮಲ್ಲಿ ಬಂಡೆಯೇ ಮೂಲ. ಚಿನ್ನದ ಜೊತೆ ಆರ್ಸೆನೊಪೈರೈಟ್ ಎಂಬ ಖನಿಜ ಇರುತ್ತದೆ. ಕಬ್ಬಿಣ, ಗಂಧಕ, ಆರ್ಸೆನಿಕ್ ಸೇರಿದ ಕಲ್ಲು. ಗಾಳಿ ಮತ್ತು ನೀರು ತಾಗಿದಾಗ ಅದು ಕರಗಿ ಅಂತರ್ಜಲಕ್ಕೆ ಇಳಿಯುತ್ತದೆ. ಗಣಿ ಅಗೆದಾಗ ಮೇಲೆ ಬಂದ ಕಲ್ಲಿನ ರಾಶಿ, ಗಣಿ ಮುಚ್ಚಿದ ಮೇಲೂ ಮಳೆಯಲ್ಲಿ ನೆನೆಯುತ್ತಲೇ ಇರುತ್ತದೆ.

ಈ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಚರ್ಮದಲ್ಲಿ ಗುರುತು ಮೂಡಲು ಸಾಮಾನ್ಯವಾಗಿ ಐದಾರು ವರ್ಷವಾದರೂ ಬೇಕು. ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್‌ಗೆ ಇನ್ನೂ ಹೆಚ್ಚು ಕಾಲ. ಅಷ್ಟರಲ್ಲಿ ಊರು ಇದನ್ನು ಕುಷ್ಠವೆಂದೋ ಶಾಪವೆಂದೋ ಕರೆದು, ಹೆಣ್ಣುಮಕ್ಕಳ ಮದುವೆ ನಿಲ್ಲಿಸಿರುತ್ತದೆ. ಇದು ಮುಟ್ಟಿದರೆ ಅಂಟುವ ರೋಗವಲ್ಲ. ಇದನ್ನು ನಾನು ಎಷ್ಟು ಬಾರಿ ಬೇಕಾದರೂ ಹೇಳಲು ಸಿದ್ಧ.

ಕಾಯಿಸಿ ಕುಡಿಯುತ್ತೇವೆ ಎಂದು ಆ ತಾಯಿ ಹೇಳಿದಾಗ ಸಂಕಟವಾಯಿತು. ಕಾಯಿಸಿದರೆ ರೋಗಾಣು ಸಾಯುತ್ತದೆ, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ತುಸು ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಕ್ಲೋರಿನ್ ಹಾಕಿದರೂ ಅಷ್ಟೇ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ಅಳೆಯಲು ನೀರಿನ ಅಂಗಡಿಯವರು ತೋರಿಸುವ ಟಿಡಿಎಸ್ ಮೀಟರ್‌ಗೂ ಇದು ಕಾಣುವುದಿಲ್ಲ, ಅಲ್ಲಿ ಅಂಕಿ ಕಡಿಮೆ ಬಂದ ಮಾತ್ರಕ್ಕೆ ನಂಬಬಾರದು. ಆರ್ಸೆನಿಕ್‌ಗೆಂದೇ ಪರೀಕ್ಷೆ ಮಾಡಿಸಬೇಕು, ಅದೂ ಪ್ರತಿ ಕೊಳವೆಬಾವಿಗೆ ಬೇರೆ ಬೇರೆಯಾಗಿ, ಏಕೆಂದರೆ ಒಂದೇ ಓಣಿಯ ಎರಡು ಬಾವಿಗಳ ನೀರು ಒಂದೇ ರೀತಿ ಇರಬೇಕೆಂದಿಲ್ಲ.

ಇದಕ್ಕೆ ಮದ್ದೆಂದರೆ ಮೊದಲು ನೀರು ಬದಲಿಸುವುದು, ಜೊತೆಗೆ ಒಳ್ಳೆಯ ಊಟ. ಸ್ನಾನಕ್ಕೆ, ಬಟ್ಟೆ ಒಗೆಯಲು ಅದೇ ನೀರು ಬಳಸಿದರೆ ದೊಡ್ಡ ಅಪಾಯವಿಲ್ಲ. ಕುಡಿಯುವ ನೀರು, ಬೇಳೆ ಬೇಯಿಸುವ ನೀರು, ಜೋಳದ ಹಿಟ್ಟು ಕಲಸುವ ನೀರು ಮಾತ್ರ ಬೇರೆ ಬೇಕು. ಮನೆಗೆ ದಿನಕ್ಕೆ ಕೆಲವು ಕೊಡ. ಕೃಷ್ಣೆ ಇದೇ ತಾಲ್ಲೂಕಿನ ಅಂಚಿನಲ್ಲಿ ಹರಿಯುತ್ತಾಳೆ. ಅಷ್ಟು ನೀರನ್ನು ಶುದ್ಧೀಕರಿಸಿ ಒಂದು ತಾಂಡಾಕ್ಕೆ ತಲುಪಿಸುವುದು ಅಸಾಧ್ಯವೆಂದು ನಾನು ಒಪ್ಪುವುದಿಲ್ಲ. ಆ ಕೊಳವೆಬಾವಿಯ ನೀರನ್ನು ಪರೀಕ್ಷಿಸಿ ಎಂದು ನಾಳೆ ಪಂಚಾಯಿತಿಗೆ ಕೊಡಬೇಕಾದ ಅರ್ಜಿಯನ್ನು ಬರೆದಿಟ್ಟಿದ್ದೇನೆ. ತಾಂಡಾದವರ ಸಹಿ ಆಗಬೇಕಿದೆ.