ಚಳಿಗಾಲದ ಶೆಟ್ಲೆಂಡ್: ಗಾಳಿ ನೋಡಿ ದಾರಿ ಹಿಡಿಯಿರಿ

ಜನವರಿಯಲ್ಲಿ ಶೆಟ್ಲೆಂಡ್‌ಗೆ ಹೊರಟಿದ್ದೇವೆ ಎಂದಾಗ ಎಲ್ಲರೂ ಕೇಳಿದ್ದು ಚಳಿಯ ಬಗ್ಗೆ. ಸ್ಕಾಟ್ಲೆಂಡ್‌ನ ತುದಿಯಿಂದಲೂ ಇನ್ನಷ್ಟು ಉತ್ತರಕ್ಕೆ, 60 ಡಿಗ್ರಿ ಅಕ್ಷಾಂಶದಲ್ಲಿರುವ ದ್ವೀಪಗಳು ಅಂದರೆ ಹಾಗೆ ಅನ್ನಿಸುವುದು ಸಹಜ. ಆದರೆ ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ಸುತ್ತಲೂ ಹರಿಯುವುದರಿಂದ ಅಲ್ಲಿ ಜನವರಿಯ ಹಗಲು 5-6 ಡಿಗ್ರಿ ಇರುತ್ತದೆ. ನಾವಿರುವ ಎಡಿನ್‌ಬರೋಗೂ ಅದಕ್ಕೂ ಅಂಥ ವ್ಯತ್ಯಾಸ ಇಲ್ಲ. ಹಿಮ ಬಿದ್ದರೂ ಬಹಳ ದಿನ ನಿಲ್ಲುವುದು ಅಪರೂಪ. ಅಲ್ಲಿ ನಿಮ್ಮ ದಿನವನ್ನು ನಡೆಸುವುದು ಗಾಳಿ. ಹಡಗು ಹೊರಡುತ್ತದೋ ಇಲ್ಲವೋ, ಬಂಡೆಯ ಅಂಚಿಗೆ ಹೋಗಬಹುದೋ ಬಾರದೋ, ಅಂಗಡಿಯಲ್ಲಿ ಹಾಲು ಸಿಗುತ್ತದೋ ಇಲ್ಲವೋ, ಎಲ್ಲವೂ ಗಾಳಿಯ ಕೈಯಲ್ಲಿ.

ಹೋಗುವ ದಾರಿ ಎರಡು. ಸಂಬರೋ ವಿಮಾನ ನಿಲ್ದಾಣಕ್ಕೆ ಚಿಕ್ಕ ವಿಮಾನದಲ್ಲಿ ಹೋಗಬಹುದು, ಇಲ್ಲವೇ ಅಬರ್ಡೀನ್‌ನಿಂದ ರಾತ್ರಿ ಹಡಗು ಹತ್ತಬಹುದು. ನಾವು ಹಡಗು ಹತ್ತಿದೆವು. ನೇರ ಹೋಗುವ ಹಡಗಿಗೆ ಸುಮಾರು 12 ತಾಸು. ದಾರಿಯಲ್ಲಿರುವ ಆರ್ಕ್ನಿ ದ್ವೀಪಗಳ ಕರ್ಕ್‌ವಾಲ್ ಬಂದರು ಮುಟ್ಟಿ ಹೋಗುವ ದಿನ ಇನ್ನೂ ಜಾಸ್ತಿ. ಗಾಳಿ ಜೋರಾಗಿದ್ದರೆ ಹೊರಡುವ ಹೊತ್ತು ಹಿಂದೆ ಮುಂದೆ ಆಗುತ್ತದೆ, ಕರ್ಕ್‌ವಾಲ್ ಬಿಟ್ಟೇ ಹೋಗುವುದೂ ಉಂಟು. ಜನವರಿ-ಫೆಬ್ರವರಿಯಲ್ಲಿ ಹಡಗುಗಳು ಸರದಿಯಂತೆ ರಿಪೇರಿಗೂ ಹೋಗುತ್ತವೆ. ಹಾಗಾಗಿ ಬೇಸಿಗೆಯ ವೇಳಾಪಟ್ಟಿ ನೋಡಿ ಪ್ಲಾನ್ ಮಾಡಬೇಡಿ. ಕ್ಯಾಬಿನ್ ಕಾದಿರಿಸುವಾಗ ಕೆಳಗಿನ ಡೆಕ್, ಹಡಗಿನ ನಡುಭಾಗ ಸಿಗುತ್ತದಾ ಕೇಳಿ. ಅಲ್ಲಿ ತೂಗಾಟ ಕಡಿಮೆ. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಬಂದರು ಬಿಡುವ ಮೊದಲೇ ನುಂಗಬೇಕು. ತಲೆ ತಿರುಗಲು ಶುರುವಾದ ಮೇಲೆ ನುಂಗಿದರೆ ಅಷ್ಟು ಕೆಲಸ ಮಾಡುವುದಿಲ್ಲ. ರಾತ್ರಿ ಮಲಗಿದ್ದೇ ನಮಗೆ ಒಳ್ಳೆಯದಾಯಿತು. ಕೂತವರ ಕಷ್ಟ ನೋಡಲಾಗುತ್ತಿರಲಿಲ್ಲ.

ಹಡಗು ತಲುಪುವ ಶೆಟ್ಲೆಂಡ್‌ನ ಮುಖ್ಯ ಪಟ್ಟಣ ಲರ್ವಿಕ್‌ನಲ್ಲಿ ನಾವು ಉಳಿದ ಮನೆಯೊಡತಿ ತಿಂಡಿ ಬಡಿಸುತ್ತಾ ಹೇಳಿದ ಒಂದು ಮಾತು ಇಡೀ ಪ್ರವಾಸಕ್ಕೆ ಉಪಯೋಗಕ್ಕೆ ಬಂತು. 'ಮಳೆ ಬರುತ್ತಾ ಅಂತ ನೋಡಬೇಡಿ, ಬಂದೇ ಬರುತ್ತದೆ. ಗಾಳಿ ಯಾವ ಕಡೆಯಿಂದ ಅಂತ ನೋಡಿ, ಆಮೇಲೆ ಎಲ್ಲಿಗೆ ಹೋಗೋದು ಅಂತ ತೀರ್ಮಾನ ಮಾಡಿ' ಅಂದರು. ಶೆಟ್ಲೆಂಡ್ ಉದ್ದಕ್ಕೆ ಚಾಚಿಕೊಂಡ ಕಿರಿದಾದ ನೆಲ. ಎಲ್ಲಿ ನಿಂತರೂ ಸಮುದ್ರ 5 ಕಿಲೋಮೀಟರ್‌ಗಿಂತ ದೂರ ಇರುವುದಿಲ್ಲ. ಮರಗಳೂ ಇಲ್ಲವೆನ್ನುವಷ್ಟು ಕಡಿಮೆ. ಅಟ್ಲಾಂಟಿಕ್‌ನಿಂದ ಒಂದರ ಹಿಂದೆ ಒಂದು ವಾಯುಭಾರ ಕುಸಿತಗಳು ಇದೇ ದಾರಿಯಲ್ಲಿ ಬರುತ್ತವೆ. ಗಾಳಿ ಪಶ್ಚಿಮದ್ದಾಗಿದ್ದರೆ ಪೂರ್ವದ ಕರಾವಳಿಯಲ್ಲಿ, ಗುಡ್ಡದ ಮರೆಯಲ್ಲಿ ಆರಾಮಾಗಿ ನಡೆಯಬಹುದು. ಪೂರ್ವದ್ದಾಗಿದ್ದರೆ ಪಶ್ಚಿಮ ಕರಾವಳಿಯ ಸ್ಕಾಲೋವೇ ಕಡೆ ಹೋಗಬಹುದು. ನಾವು ವಾರದ ಪಟ್ಟಿಯನ್ನು ಪಕ್ಕಕ್ಕಿಟ್ಟು ಪ್ರತಿದಿನ ಬೆಳಿಗ್ಗೆ ಹೀಗೇ ಜಾಗ ಆರಿಸಿಕೊಂಡೆವು.

ದಕ್ಷಿಣ ತುದಿಯ ಸಂಬರೋ ಹೆಡ್‌ಗೆ ಹೋದ ದಿನವನ್ನೇ ನೋಡಿ. ಲರ್ವಿಕ್ ಬಿಡುವಾಗ ಆಲಿಕಲ್ಲು ಕಾರಿನ ಗಾಜಿಗೆ ಪಟಪಟ ಹೊಡೆಯುತ್ತಿತ್ತು. ದಕ್ಷಿಣಕ್ಕೆ ಇಳಿಯುತ್ತಿದ್ದಂತೆ ಬಿಸಿಲು. ವಿಮಾನ ನಿಲ್ದಾಣದ ಹತ್ತಿರ ರಸ್ತೆ ರನ್‌ವೇಯನ್ನೇ ದಾಟಿ ಹೋಗುತ್ತದೆ, ವಿಮಾನ ಬಂದರೆ ಗೇಟು ಬೀಳುತ್ತದೆ. ಅಲ್ಲಿ ನಿಂತಾಗ ಒಂದು ಕಡೆ ಕಾಮನಬಿಲ್ಲು, ಇನ್ನೊಂದು ಕಡೆ ಕರಿ ಮೋಡ. 1821ರ ದೀಪಸ್ತಂಭದ ಬುಡ ತಲುಪುವಷ್ಟರಲ್ಲಿ ಗಾಳಿಗೆ ನಿಲ್ಲಲಾಗಲಿಲ್ಲ, ಕಲ್ಲಿನ ಗೋಡೆ ಹಿಡಿದು ನಡೆದೆವು. ಕೆಳಗೆ ಬೀಚ್‌ಗೆ ಇಳಿದರೆ ಮತ್ತೆ ಬಿಸಿಲು! ಮೋಡ ನೋಡಿ ವಾಪಸ್ ತಿರುಗುವವರಿಗೆ ಇದೆಲ್ಲ ತಪ್ಪಿಹೋಗುತ್ತದೆ. ಕಾರಿನಲ್ಲೇ ಕಾಲು ಗಂಟೆ ಕೂತು ಕಾಯಿರಿ. ಪಕ್ಕದಲ್ಲೇ ಇರುವ ಯಾರ್ಲ್ಸ್‌ಹಾಫ್ ಎಂಬ ಪುರಾತನ ಜನವಸತಿಯ ಅವಶೇಷ ಹೊರಗೆ ಬಂದದ್ದೂ ಬಿರುಗಾಳಿಯಿಂದಲೇ. 19ನೇ ಶತಮಾನದ ಕೊನೆಯ ಹೊತ್ತಿಗೆ ಅಲೆಗಳು ದಡವನ್ನು ಕೊಚ್ಚಿದಾಗ ಸಾವಿರಾರು ವರ್ಷ ಹಳೆಯ ಮನೆಗಳ ಗೋಡೆಗಳು ಕಂಡವು. ಚಳಿಗಾಲದಲ್ಲಿ ತೆರೆದಿರುತ್ತದಾ ಎಂದು ಮೊದಲೇ ವಿಚಾರಿಸಿ.

ಕಾರು ಬಾಡಿಗೆಗೆ ಪಡೆಯುವವರು ಇದನ್ನು ದಯವಿಟ್ಟು ಓದಿ. ಗಾಡಿಯ ಮುಖ ಗಾಳಿಗೆ ಎದುರಾಗಿ ನಿಲ್ಲಿಸಿ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯಿರಿ. ಹಿಂದಿನಿಂದ ಗಾಳಿ ಬಂದರೆ ಬಾಗಿಲು ಪೂರ್ತಿ ಮಡಚಿಕೊಳ್ಳುತ್ತದೆ. ಅಂಥ ಹಾನಿಗೆ ವಿಮೆ ಸಿಗದಿರಬಹುದು, ಸಹಿ ಹಾಕುವ ಮೊದಲು ಕೇಳಿಕೊಳ್ಳಿ. ಮಕ್ಕಳಿಗೆ ಬಾಗಿಲು ಮುಟ್ಟಲು ಬಿಡಬೇಡಿ. ಗಾಳಿಯ ಬೀಸು ಗಂಟೆಗೆ 50 ಮೈಲಿ ದಾಟುತ್ತದೆ ಎಂದಿದ್ದರೆ ಎಷಾನೆಸ್‌ನಂಥ ಕಡಿದಾದ ಬಂಡೆಗಳ ಹತ್ತಿರ ಹೋಗಲೇಬೇಡಿ. ಚಂದದ ಫೋಟೋಗಾಗಿ ಆ ಅಪಾಯ ಬೇಡ. ಅಂಥ ದಿನ ಲರ್ವಿಕ್‌ನ ಮ್ಯೂಸಿಯಂ ನೋಡಿ.

ಛತ್ರಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ನೀರು ಇಳಿಯದ ಜಾಕೆಟ್ ಜೊತೆಗೆ ಅಂಥದ್ದೇ ಪ್ಯಾಂಟು ಬೇಕು. ಮಳೆ ಅಡ್ಡಡ್ಡ ಬೀಳುತ್ತದೆ, ಮೊದಲು ತೊಯ್ಯುವುದು ತೊಡೆ. ಉಣ್ಣೆ ಟೋಪಿ, ಗ್ಲೌಸ್ ಅಲ್ಲೇ ಕೊಳ್ಳಿ. ಶೆಟ್ಲೆಂಡ್ ಕುರಿಯ ಉಣ್ಣೆಗೆ ಸಾಟಿ ಇಲ್ಲ.

ಡಿಸೆಂಬರ್ ಕೊನೆಯಲ್ಲಿ ಹಗಲು ಆರು ತಾಸೂ ಇರುವುದಿಲ್ಲ. ಜನವರಿ ಕೊನೆಗೆ ಎಂಟೂವರೆ ಸುಮಾರಿಗೆ ಸೂರ್ಯ ಹುಟ್ಟಿ, ನಾಲ್ಕರ ಹೊತ್ತಿಗೆ ಮುಳುಗುತ್ತದೆ. ದಿನಕ್ಕೆ ಒಂದು ಜಾಗ ಸಾಕು. ಯೆಲ್, ಅನ್‌ಸ್ಟ್ ದ್ವೀಪಗಳಿಗೆ ಹೋಗುವವರು ಚಿಕ್ಕ ಫೆರಿಗಳ ಫೋನ್ ಸಂದೇಶ ಕೇಳಿಯೇ ಹೊರಡಿ. ಹೋಗುವಾಗ ಓಡಿದ ಫೆರಿ ಸಂಜೆ ನಿಂತರೆ ರಾತ್ರಿ ಅಲ್ಲೇ ಕಳೆಯಬೇಕಾಗುತ್ತದೆ.

ಜನವರಿಯ ಕೊನೆಯ ಮಂಗಳವಾರ ಲರ್ವಿಕ್‌ನಲ್ಲಿ ಅಪ್ ಹೆಲಿ ಆ ಹಬ್ಬ. ಹವಾಮಾನ ಕೆಟ್ಟಿದೆ ಎಂದು ಅದನ್ನು ಮುಂದೂಡುವುದಿಲ್ಲ. 2021, 2022ರಲ್ಲಿ ನಿಂತದ್ದು ಕೋವಿಡ್‌ನಿಂದ. ಸಂಜೆ ಏಳೂವರೆಗೆ ಬೀದಿದೀಪ ಆರಿಸುತ್ತಾರೆ, ನೂರಾರು ಜನ ಪಂಜು ಹಿಡಿದು ನಡೆಯುತ್ತಾರೆ, ಕೊನೆಗೆ ವೈಕಿಂಗ್ ದೋಣಿಯನ್ನು ಸುಡುತ್ತಾರೆ. ಗಾಳಿಗೆ ಪಂಜಿನ ಕಿಡಿಗಳು ತಲೆಯ ಮೇಲೆ ಹಾರುತ್ತಿದ್ದರೂ ಹಾಡುವವರ ದನಿ ಕುಗ್ಗಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಗಾಳಿ ಬರುವ ಕಡೆಯೇ ನಿಂತುಕೊಳ್ಳಿ, ಇಲ್ಲದಿದ್ದರೆ ಹೊಗೆ, ಕಿಡಿ ಎಲ್ಲ ಮುಖಕ್ಕೇ. ನೈಲಾನ್ ಜಾಕೆಟ್ ಬೇಗ ತೂತಾಗುತ್ತದೆ. ಈ ಹಬ್ಬಕ್ಕೆ ರೂಮನ್ನು ಒಂದು ವರ್ಷ ಮೊದಲೇ ಹಿಡಿಯಬೇಕು. ಮಾರನೆಯ ದಿನ ಊರಿಗೆ ರಜೆ, ಅಂಗಡಿಗಳು ಬಾಗಿಲು ಹಾಕಿರುತ್ತವೆ.

ಸಸ್ಯಾಹಾರಿಗಳು ಹೆದರಬೇಕಿಲ್ಲ, ಲರ್ವಿಕ್‌ನಲ್ಲಿ ಇಂಡಿಯನ್ ಊಟವೂ ಸಿಗುತ್ತದೆ. ಆದರೆ ಬ್ರೆಡ್ಡು, ತರಕಾರಿ ಹೆಚ್ಚಾಗಿ ಬರುವುದು ಹಡಗಿನಲ್ಲಿ. ಹಡಗು ಎರಡು ದಿನ ನಿಂತರೆ ಸೂಪರ್‌ಮಾರ್ಕೆಟ್ ಕಪಾಟು ಖಾಲಿಯಾಗುತ್ತದೆ. ನಮ್ಮ ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ ಇದ್ದವು. ಟಾರ್ಚು, ಪವರ್ ಬ್ಯಾಂಕೂ ಇರಲಿ. 2022ರ ಡಿಸೆಂಬರ್‌ನಲ್ಲಿ ಒದ್ದೆ ಹಿಮ ತಂತಿಗಳಿಗೆ ಮೆತ್ತಿಕೊಂಡು ಸಾವಿರಾರು ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ.

ನಮ್ಮ ವಾಪಸ್ ಹಡಗು ಒಂದು ರಾತ್ರಿ ತಡವಾಯಿತು. ರಜೆಯಲ್ಲಿ ಜಾಗ ಬಿಟ್ಟುಕೊಂಡಿದ್ದರಿಂದ ತೊಂದರೆ ಆಗಲಿಲ್ಲ. ಅಬರ್ಡೀನ್‌ನಿಂದ ಮುಂದಿನ ರೈಲಿಗೆ ಯಾವ ರೈಲಿಗಾದರೂ ನಡೆಯುವ ಟಿಕೆಟ್ ತೆಗೆದುಕೊಳ್ಳಿ. ಲಂಡನ್‌ನಿಂದ ಬೆಂಗಳೂರಿಗೆ ವಿಮಾನ ಹಿಡಿಯಬೇಕಾದವರು ನಡುವೆ ಕನಿಷ್ಠ ಎರಡು ಪೂರ್ತಿ ದಿನ ಖಾಲಿ ಬಿಡಿ.